ಅಕ್ಕೋರೇ, 'ಕುಣಿ' ಅನ್ರಿ...

ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ತಪ್ಪು ಮಾಡಿದ್ದು ಬರೀ ಒಳ್ಳೆಯತನ...

ರಾಣೆಬೆನ್ನೂರಿನ ಒಂದು ಓಣಿಯ ಅಂಗನವಾಡಿ. ಅಲ್ಲಿನ ಟೀಚರ್ ಕಸ್ತೂರಕ್ಕ. ಮಕ್ಕಳಿಗೆಲ್ಲ ಆಕೆ 'ಅಕ್ಕೋರು'.

ವಾರಕ್ಕೊಂದು ಅಕ್ಷರ ಕಲಿಸುತ್ತಿದ್ದಳು. ಆದರೆ ಸ್ಲೇಟು ಬಳಪ ಏನೂ ಇಲ್ಲ... ಆ ಅಕ್ಷರದಿಂದ ಶುರುವಾಗುವ ಕೆಲಸವನ್ನು ಆಕೆ ಕೂಗಬೇಕು, ಮಕ್ಕಳು ಮಾಡಿ ತೋರಿಸಬೇಕು.

'ನ' ವಾರ ಬಂತೆಂದರೆ ನಡೆ, ನೆಗೆ, ನಗು... ಗದ್ದಲಕ್ಕೆ ಪಕ್ಕದ ಹಿಟ್ಟಿನ ಗಿರಣಿಯ ಸದ್ದೂ ಕೇಳುತ್ತಿರಲಿಲ್ಲ!

ಅಲ್ಲಿಗೆ ಶಿವಲೀಲಾ ಬಂದಳು. ನಾಲ್ಕು ವರ್ಷದ ಮಗು, ಹುಟ್ಟಿದಾಗಿನಿಂದ ಕಾಲಲ್ಲಿ ಬಲವಿಲ್ಲ. ಮನೆಯಲ್ಲಿ ಅಜ್ಜಿ ದ್ಯಾಮವ್ವ ಆಕೆಯನ್ನು ಸೊಂಟದಿಂದ ಕೆಳಗಿಳಿಸಿದವಳೇ ಅಲ್ಲ.

ಯಾರಾದರೂ ಮೊಮ್ಮಗಳ ಮನಸ್ಸು ನೋಯಿಸಿದರೆ ಅವತ್ತೇ ಬಿಡಿಸಿಕೊಂಡು ಹೋಗುತ್ತೇನೆ ಎಂದು ಅಜ್ಜಿ ಖಡಾಖಂಡಿತವಾಗಿ ಹೇಳಿದ್ದಳು.

ಕಸ್ತೂರಕ್ಕ ಮಗುವಿನ ಕಾಲು ನೋಡಿದಳು. ಪಾಪ, ಈ ಕೂಸಿನ ಎದುರು ಉಳಿದವರು ಹೇಗೆ ಜಿಗಿದಾಡಬೇಕು...

ಅವತ್ತಿನಿಂದ ಆಕೆ 'ಓಡು' ಅನ್ನುವುದನ್ನು ಬಿಟ್ಟಳು, 'ನೆಗೆ' ಅನ್ನುವುದನ್ನು ಬಿಟ್ಟಳು. 'ಕ' ವಾರ ಬಂದಾಗ ಕುಡಿ, ಕರೆ, ಕೇಳು ಅಂದಳೇ ಹೊರತು ಕುಣಿ ಅನ್ನಲಿಲ್ಲ.

ಮಕ್ಕಳ ಮುಖ ಬಾಡಿತು. ಕೊನೆಗೆ ಗೌರಿ ಅನ್ನುವ ಹುಡುಗಿ ಸಿಟ್ಟಿನಿಂದ ಅಂದೇಬಿಟ್ಟಳು...

"ಇಕಿ ಬಂದಾಗಿಂದ ಆಟಾನ ಇಲ್ಲ."

ಮರುದಿನ ಶಿವಲೀಲಾಳ ಪಕ್ಕ ಯಾರೂ ಕೂರಲಿಲ್ಲ. ಮನೆಗೆ ಹೋದ ಮಗು ಊಟ ಮುಟ್ಟದೆ ಅತ್ತಿತು.

ಬೆಳಿಗ್ಗೆ ಮಕ್ಕಳೆಲ್ಲ ಸೇರುವ ಹೊತ್ತಿಗೆ ದ್ಯಾಮವ್ವ ಮೊಮ್ಮಗಳೊಂದಿಗೆ ಬಂದಳು. ಜಗಳ ಮಾಡಲಿಲ್ಲ. ನಮ್ಮ ಹುಡುಗಿ ನಮ್ಮ ಮನೆಯಲ್ಲೇ ಇರಲಿ ಬಿಡಿ ಎಂದಷ್ಟೇ ಹೇಳಿ, ಮಗುವನ್ನು ಎತ್ತಿಕೊಂಡೇ ಹೊರಟಳು.

ಕಸ್ತೂರಕ್ಕ ಬಾಗಿಲವರೆಗೆ ಹಿಂದೆಯೇ ಬಂದಳು. ತಾನು ಇಷ್ಟೆಲ್ಲ ಬಿಟ್ಟಿದ್ದು ಈ ಮಗುವಿಗಾಗಿಯೇ ಅಲ್ಲವೇ...

ಆಗ ಶಿವಲೀಲಾ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಕ್ಕೋರೇ... ಒಮ್ಮಿ 'ಕುಣಿ' ಅನ್ರಿ. ನನಗೂ ಬರ್ತೈತಿ."

ಕಸ್ತೂರಕ್ಕ ಅಂದಳು... "ಕುಣಿ."

ಅಜ್ಜಿಯ ಸೊಂಟದಿಂದ ಜಾರಿ ಮಗು ನೆಲಕ್ಕೆ ಕೂತಿತು. ಎರಡೂ ಕೈ ಮೇಲೆತ್ತಿತು. ಭುಜ ಕುಣಿಯಿತು, ಕತ್ತು ಕುಣಿಯಿತು, ಜಡೆಯೂ ಕುಣಿಯಿತು.

ಮೊದಲು ಗೌರಿ ಓಡಿಬಂದು ಆಕೆಯ ಪಕ್ಕದಲ್ಲೇ ಕೂತು, ಹಾಗೆಯೇ ಕೈ ಎತ್ತಿ ಕುಣಿದಳು. ಉಳಿದವರು ಬಿಡುತ್ತಾರೆಯೇ? ಕೆಲವರು ಕೂತು, ಕೆಲವರು ನಿಂತು... ಇಡೀ ಅಂಗನವಾಡಿಯೇ ಕುಣಿಯಿತು. ಕಸ್ತೂರಕ್ಕನೂ ನೆಲಕ್ಕೆ ಕೂತಳು, ಅಳುತ್ತಲೇ ಕುಣಿದಳು.

ದ್ಯಾಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಮೆಲ್ಲಗೆ ಅಂದಳು...

"ನಾ ಮನ್ಯಾಗ ಇಕಿನ್ನ ಎಂದೂ ಕೆಳಗ ಇಳಿಸಲೇ ಇಲ್ರಿ ಅಕ್ಕೋರೇ... ಇಕಿಗೆ ಕುಣಿಯಾಕ ಬರ್ತೈತಿ ಅಂತ ನನಗ ಹೆಂಗ ಗೊತ್ತಾಗಬೇಕು?"

ಆಕೆ ಮಗುವನ್ನು ಮತ್ತೆ ಎತ್ತಿಕೊಳ್ಳಲಿಲ್ಲ. ಮಧ್ಯಾಹ್ನ ಬರುತ್ತೇನೆ ಎಂದು ಹೇಳಿ, ಒಬ್ಬಳೇ ಮನೆಗೆ ನಡೆದಳು.

ಪಾಪ ಅಂತ ಆಟ ನಿಲ್ಲಿಸಬೇಡಿ, ಬಾ ಅಂತ ಆಟಕ್ಕೆ ಕರೆಯಿರಿ.

ನಿಮ್ಮ ಮನೆಯಲ್ಲೂ ಪ್ರೀತಿಯಿಂದಲೇ ನೀವು ಕೆಳಗಿಳಿಸದೆ ಎತ್ತಿಕೊಂಡಿರುವವರು ಯಾರಾದರೂ ಇದ್ದಾರೆಯೇ...?