ಫಿಲ್ಟರ್ ಶಂಕ್ರೆಪ್ಪ

ಕಂಪ್ಯೂಟರಿನ ಪರದೆಯ ಮೇಲೆ ಓಟಗಾರ್ತಿಯೊಬ್ಬಳ ಚಿತ್ರ ಗೆರೆ ಗೆರೆಯಾಗಿ ಇಳಿಯುತ್ತಿತ್ತು. ಮೊದಲು ಕೂದಲು, ಆಮೇಲೆ ಹಲ್ಲು ಕಚ್ಚಿದ ಮುಖ, ಅಂಗಿಗೆ ಅಂಟಿಸಿದ ನಂಬರು. ಸೊಂಟದ ಗೆರೆ ಮೂಡುವಷ್ಟರಲ್ಲಿ ಹಿಂದಿನಿಂದ ಟಪ್ ಎಂಬ ಸದ್ದಾಯಿತು. ಪರದೆ ಕಪ್ಪಾಯಿತು.

"ಕಾಕಾ! ಅದು ಸ್ಪೋರ್ಟ್ಸ್ ಹಾಸ್ಟೆಲ್ಲಿಂದರಿ!" ದಾನೇಶ್ವರಿ ಕುರ್ಚಿ ಬಿಟ್ಟು ಎದ್ದಳು.

"ಯಾವ್ದರ ಇರ್ಲಿ. ಇನ್ನೇನ್ ಚಡ್ಡಿ ಬರಾಕತ್ತಿತ್ತು," ಎಂದ ಶಾಲೆಯ ಸಿಪಾಯಿ ಶಂಕ್ರೆಪ್ಪ, ಸ್ವಿಚ್ಚಿನಿಂದ ಬೆರಳು ತೆಗೆಯದೆ.

ಶಾಲೆಗೆ ಇಂಟರ್ನೆಟ್ ಬಂದ ವಾರವೇ, ಮಕ್ಕಳು ಅಸಭ್ಯ ದೃಶ್ಯಗಳನ್ನು ನೋಡದಂತೆ ಫಿಲ್ಟರ್ ಅಳವಡಿಸಬೇಕೆಂಬ ಕಾಗದವೂ ಬಂದಿತ್ತು. ಹೆಡ್ ಮಾಸ್ತರರು ಎರಡು ದಿನ ಯೋಚಿಸಿ, ಶಂಕ್ರೆಪ್ಪನನ್ನು ಮೇನ್ ಸ್ವಿಚ್ಚಿನ ಪಕ್ಕದಲ್ಲಿ ಒಂದು ಸ್ಟೂಲಿನ ಮೇಲೆ ಕೂರಿಸಿದರು. ಕೆಟ್ಟದ್ದು ಕಂಡರೆ ಆರಿಸಬೇಕು; ಸಂಜೆ, ಕೆಟ್ಟದ್ದೇನೂ ಕಣ್ಣಿಗೆ ಬೀಳಲಿಲ್ಲವೆಂದು ರಿಜಿಸ್ಟರಿನಲ್ಲಿ ಸಹಿ ಹಾಕಬೇಕು; ತಪ್ಪಿದರೆ ನೌಕರಿ ಹೋಗುತ್ತದೆ. ಅಂದಿನಿಂದ ಪೂರ್ತಿಯಾಗಿ ತೆರೆದುಕೊಂಡ ಚಿತ್ರಗಳೆಂದರೆ ಭೂಪಟ, ಟ್ರ್ಯಾಕ್ಟರು ಮತ್ತು ಆಕಳು. ಮಾನವನ ಜೀರ್ಣಾಂಗವ್ಯೂಹ ಆ ಶಾಲೆಯಲ್ಲಿ ಅನ್ನನಾಳದಿಂದ ಕೆಳಗೆ ಇಳಿದದ್ದೇ ಇಲ್ಲ.

ಹಾಸ್ಟೆಲಿನ ಆಯ್ಕೆಗೆ ಕರೆದವರ ಪಟ್ಟಿ ಆ ಓಟಗಾರ್ತಿಯ ಕಾಲ ಕೆಳಗಿತ್ತು. ಆಯ್ಕೆಯ ಓಟ ನಾಳೆ ಬೆಳಿಗ್ಗೆ, ವಿಜಾಪುರದಲ್ಲಿ. ಪಟ್ಟಿಯಲ್ಲಿ ಹೆಸರಿದ್ದರೆ ತಾನೇ ನಸುಕಿನ ಬಸ್ಸಿಗೆ ಹತ್ತಿಸುವೆನೆಂದೂ, ಇಲ್ಲದಿದ್ದರೆ ಇನ್ನು ಮುಂದೆ ಓಟದ ಮಾತೆತ್ತಕೂಡದೆಂದೂ ಅಪ್ಪ ಪರಪ್ಪ ಕಡ್ಡಿ ಮುರಿದಂತೆ ಹೇಳಿದ್ದ. ದಿನವೂ ತನ್ನೂರು ಯಂಕಂಚಿಯಿಂದ ಶಾಲೆಗೆ ಓಡುತ್ತಲೇ ಬರುವ ಹುಡುಗಿಗೆ, ಒಂದು ಚಿತ್ರದ ಎರಡು ಕಾಲುಗಳನ್ನು ದಾಟಲಾಗುತ್ತಿರಲಿಲ್ಲ. ಪ್ರತಿ ಸಲ ಆರಿದಾಗಲೂ ಮತ್ತೆ ಹಚ್ಚಿ, ಫೋನಿನ ಲೈನು ಕೂಡಿಸಿ, ಆ ಪುಟ ತೆರೆಯಲು ಕಾಲು ಗಂಟೆ ಬೇಕು. ನಾಲ್ಕಕ್ಕೆ ಕರೆಂಟ್ ಹೋಗುತ್ತದೆ. ಆಗ ಮೂರು ಹೊಡೆದಿತ್ತು.

"ಕಾಲಷ್ಟ ಮುಚ್ಚಿದ್ರ ನಡೀತೈತೇನ್ರಿ?" ಎಂದು ಕೇಳಿದವನು ಪಕ್ಕದಲ್ಲೇ ಕೂತಿದ್ದ ಅವಳ ತರಗತಿಯ ಅಮಿತ. ಶಂಕ್ರೆಪ್ಪ ಯೋಚಿಸಿ, ನಡೆಯುತ್ತದೆ ಎಂದ. ಅಮಿತ ಪುಸ್ತಕಕ್ಕೆ ಹಾಕುವ ಖಾಕಿ ಕಾಗದದಲ್ಲಿ ಗೇಣುದ್ದದ ಲಂಗ ಕತ್ತರಿಸಿ, ಬಿಸಿಯೂಟದ ಅನ್ನದ ಅಗುಳಿನಿಂದ ಪರದೆಯ ಗಾಜಿಗೆ ಅಂಟಿಸಿದ. ಚಿತ್ರ ಇಳಿಯಿತು. ಅಂಗಿಯ ಕೆಳಗೆ ಲಂಗ ಸರಿಯಾಗಿ ಕೂತಿತು.

"ಹಾಂ, ಈಗ ನೋಡು, ಮನಿತನದ ಹುಡುಗಿ ಆದ್ಲು," ಎಂದ ಶಂಕ್ರೆಪ್ಪ.

ದಾನೇಶ್ವರಿ ಪುಟವನ್ನು ಮೇಲಕ್ಕೆ ಸರಿಸಿದಳು. ಹುಡುಗಿ ಸರ್ರನೆ ಮೇಲೆ ಹೋದಳು, ಲಂಗ ಹೋಗಲಿಲ್ಲ. ಕೆಳಗಿನಿಂದ, ಸೂಟು ತೊಟ್ಟು ಟೈ ಕಟ್ಟಿದ ಇಲಾಖೆಯ ದೊಡ್ಡ ಸಾಹೇಬರ ಚಿತ್ರ ಏರಿಬಂದು, ಅದೇ ಲಂಗದೊಳಗೆ ನಿಂತು ಎಲ್ಲ ಕ್ರೀಡಾಪಟುಗಳಿಗೂ ನಗುನಗುತ್ತ ಶುಭ ಕೋರಿತು.

"ಏ ತಗೀರಿ, ತಗೀರಲೇ! ಸಾಹೇಬ್ರಿಗಿ ಲಂಗ ಉಡಸ್ತೀರಿ? ನನ್ನ ನೌಕರಿ ತಿಂದ ಬಿಡ್ತೀರೇನು?" ಟಪ್.

ದಾನೇಶ್ವರಿ ಗಾಜಿನಿಂದ ಲಂಗವನ್ನು ಕಿತ್ತಳು. "ಕಾಕಾ, ನನ್ನ ಹೆಸರಷ್ಟ ನೋಡೂದೈತ್ರಿ. ಕಾಲಿಗಿ ನಾ ಏನ್ ಮಾಡ್ಲಿ? ಕಾಲಿಲ್ದ ಯಾರ್ ಓಡ್ತಾರ್ರಿ?"

ಶಂಕ್ರೆಪ್ಪ ಎದ್ದುಹೋಗಿ, ಧೂಳು ಬೀಳದಂತೆ ಕಂಪ್ಯೂಟರಿಗೆ ಹೊದಿಸುತ್ತಿದ್ದ ಕೌದಿಯನ್ನು ತಂದ. "ನಾ ಸಹಿ ಮಾಡೂದು ನನ್ನ ಕಣ್ಣಿಗಿ ಬಿದ್ದದ್ದಕ್ಕ. ಇದರ ಒಳಗ ಹೊಕ್ಕು ನೀನ ನೋಡಿಕೋ. ಅಮಿತಾ, ನೀ ಹೊರಗ ನಡಿ. ಗಂಡಸೂರಿಗಿ ಇಲ್ಲೇನ್ ಕೆಲಸಿಲ್ಲ." ಹೀಗೆಂದು ಸ್ವಿಚ್ಚು ಹಾಕಿ, ತಾನೂ ಗೋಡೆಯತ್ತ ಮುಖ ತಿರುಗಿಸಿ ಕುಳಿತ.

ಕೌದಿಯೊಳಗೆ ಸೆಖೆಯಿತ್ತು, ಹಳೆಯ ಸೀರೆಗಳ ವಾಸನೆಯಿತ್ತು. ಚಿತ್ರ ಸೊಂಟ ದಾಟಿತು, ಮೊಣಕಾಲು ದಾಟಿತು, ಬೂಟು ಮುಟ್ಟಿತು. ಏನೂ ಆಗಲಿಲ್ಲ. ಸಾಹೇಬರು ಲಂಗವಿಲ್ಲದೆ ಬಂದು, ಶುಭ ಕೋರಿ, ಮೇಲೆ ಹೋದರು. ಆಮೇಲೆ ಹೆಸರುಗಳು. ಇಪ್ಪತ್ತಮೂರನೆಯದು: ದಾನೇಶ್ವರಿ ಪರಪ್ಪ, ಯಂಕಂಚಿ.

"ಬಂತೇನವಾ?" ಎಂದು ಶಂಕ್ರೆಪ್ಪ ಗೋಡೆಯನ್ನು ಕೇಳಿದ.

"ಬಂತ್ರಿ ಕಾಕಾ!"

"ಹಂಗಾರ ಹೊರಗ ಬಾ. ಇನ್ನೇನ್ ನೋಡಾಕತ್ತಿ?"

ಅವಳು ಬರಲಿಲ್ಲ. ಪಟ್ಟಿಯ ಕೆಳಗೆ ಇನ್ನೊಂದು ಚಿತ್ರ ಇಳಿಯುತ್ತಿತ್ತು: ಓಟ ಶುರುವಾಗುವ ಗೆರೆಯ ಹಿಂದೆ ನಾಲ್ವರು ಹುಡುಗಿಯರು, ಬೆರಳುಗಳನ್ನು ನೆಲಕ್ಕೂರಿ, ಒಂದು ಮೊಣಕಾಲು ಮಡಚಿ. ದಾನೇಶ್ವರಿ ಅದನ್ನು ಕೊನೆಯ ಗೆರೆಯವರೆಗೂ ನೋಡಿದಳು. ಬಳಿಕ ಕೂದಲು ಕೆದರಿಕೊಂಡು ಹೊರಬಂದು, ಕುರ್ಚಿಯನ್ನು ಬದಿಗೆ ತಳ್ಳಿ, ಯೂನಿಫಾರ್ಮಿನ ಪೈಜಾಮವನ್ನು ಮೊಣಕಾಲಿನವರೆಗೆ ಮಡಚಿ, ಕೋಣೆಯ ನಡುವೆ ನೆಲಕ್ಕೆ ಬೆರಳೂರಿ ಕುಳಿತಳು.

ಶಂಕ್ರೆಪ್ಪ ತಿರುಗಿ ನೋಡಿದ. "ಯವ್ವಾ, ಇದೇನ್ ನಡಿಸೀದಿ?"

"ನಾಳಿ ಓಟಾ ಹಿಂಗ ಕುಂತ ಶುರು ಮಾಡಬೇಕ್ರಿ. ಎಲ್ಲಾರೂ ಹಿಂಗ ಕುಂದರ್ತಾರ. ನಾ ಒಬ್ಬಾಕೀನ ನಿಂತ ಓಡಾಕತ್ತಿದ್ನಿ."

ಶಂಕ್ರೆಪ್ಪನ ಕೈ ಗಾಬರಿಯಿಂದ ಗೋಡೆಯ ಸ್ವಿಚ್ಚಿನತ್ತ ಹೋಯಿತು. ಟಪ್. ಕೌದಿಯೊಳಗಿನ ಬೆಳಕು ಆರಿತು. ದಾನೇಶ್ವರಿ ಮಾತ್ರ ಹಾಗೆಯೇ, ಬೆರಳುಗಳ ಮೇಲೆ ಭಾರ ಬಿಟ್ಟು, ಬಾಗಿಲಿನತ್ತ ಮುಖ ಮಾಡಿ ಕುಳಿತಿದ್ದಳು.