ಆಸೆ ಯಾರದು?

ಬಿಜ್ಜರಗಿಯ ತೋಟದಲ್ಲಿ ದ್ರಾಕ್ಷಿ ಕೊಯ್ಯುತ್ತಿದ್ದ ಹೆಂಗಸರೆಲ್ಲ ಕತ್ತರಿ ಕೆಳಗಿಟ್ಟರು. ಸೌಭಾಗ್ಯ ಮಾತ್ರ ಹಿಡಿದೇ ನಿಂತಿದ್ದಳು.

"ಮಧ್ಯಾಹ್ನ ಒಂದು ತಾಸು ನೆರಳಾಗ ಕೂಡಾಕ ಬಿಡ್ರಿ, ಇಲ್ಲಾಂದ್ರ ಕೆಲಸಿಲ್ಲ," ಎಂದ ಕೆಂಬಾವುಟದ ಸಂಘದ ಇರ್ಫಾನ.

ಮಾಲೀಕ ಬಸಗೊಂಡಪ್ಪ ನಕ್ಕ. "ಸೌಭಾಗ್ಯಾ, ನೀ ಬುದ್ಧಗ ನಡಕೊಳಾಕಿ. ಆಸೇನ ದುಃಖಕ್ಕ ಮೂಲ ಅಂತ ಇವ್ರಿಗೆ ಹೇಳ ಬೇ."

ಇರ್ಫಾನ ತಲೆ ತಗ್ಗಿಸಿದ. ಬುದ್ಧ ಬಡವರಿಗೆ ಸುಮ್ಮನಿರುವುದನ್ನು ಕಲಿಸುತ್ತಾನೆಂದು ಅವನೂ ಅವಳನ್ನು ಕಾಡಿದ್ದುಂಟು. ಈಗ ಅವಳೊಬ್ಬಳು ಕೊಯ್ಯತೊಡಗಿದರೆ ಉಳಿದವರೂ ಮತ್ತೆ ಕತ್ತರಿ ಹಿಡಿಯುವವರೇ.

ಸೌಭಾಗ್ಯ ಕತ್ತರಿಯನ್ನು ಮಾಲೀಕನ ಕೈಗಿಟ್ಟಳು. "ಖರೇ ಐತ್ರಿ ಸಾವಕಾರ್ರ. ಆಸೆ ನಿಮ್ದು, ದುಃಖ ನಮ್ದು."

"ಅಕ್ಕಾ, ನಾ ತಾಸಗಟ್ಟಲೆ ಭಾಷಣ ಮಾಡಿ ಹೇಳೂದೂ ಇದನ್ನ!" ಇರ್ಫಾನ ಕಣ್ಣರಳಿಸಿದ.

"ಹಂಗಾರ ಇನ್ನ ಮ್ಯಾಲ ಸಣ್ಣದು ಮಾಡಪಾ, ಬಿಸಲು ಭಾಳ ಐತಿ," ಎನ್ನುತ್ತ ಅವಳು ಬೇವಿನ ನೆರಳಿಗೆ ನಡೆದಳು. ಹೆಂಗಸರೆಲ್ಲ ಹಿಂದೆ ಹೋದರು.