ಪಕ್ಕದ ಸೀಟಿನ ಪರೀಕ್ಷಕರು

“ಕನ್ನಡಿ ನೋಡಿದೆಯಾ?” ಎಂದು ತಾತ ಕೇಳಿದಾಗ ಕಾರು ಇನ್ನೂ ಅವರ ಮನೆಯ ಬೀದಿಯನ್ನೇ ದಾಟಿರಲಿಲ್ಲ.

“ನೋಡಿದೆ ತಾತ.”

“ಕಣ್ಣು ನೋಡ್ತು. ತಲೆ ತಿರುಗಲಿಲ್ಲ. ತಲೆ ತಿರುಗದೆ ನೋಡಿದ್ದು ಲೆಕ್ಕಕ್ಕಿಲ್ಲ.”

ಮೊಮ್ಮಗಳು ಹಲ್ಲು ಕಚ್ಚಿ ಸ್ಟಿಯರಿಂಗ್ ಹಿಡಿದಳು. ಹೊರಡುವಾಗ ಅಮ್ಮ ಹೇಳಿ ಕಳಿಸಿದ್ದಳು: “ಅವರು ಏನೇ ಅಂದ್ರೂ ಎದುರು ಮಾತಾಡಬೇಡ. ನಿಮ್ಮಪ್ಪನ್ನ ಒಪ್ಪಿಸೋಷ್ಟರಲ್ಲಿ ನನಗೆ ಸಾಕುಸಾಕಾಗಿದೆ. ಈ ಕ್ರಿಸ್‌ಮಸ್ ಊಟಕ್ಕೆ ಅವರು ಬರಲಿಲ್ಲ ಅಂದ್ರೆ ಇನ್ನು ಯಾವತ್ತೂ ಬರಲ್ಲ.” ಅಪ್ಪ ಒಪ್ಪಿದ್ದೂ ಅಷ್ಟಕ್ಕಷ್ಟೆ. “ಬಂದ್ರೆ ಬರಲಿ. ಕರ್ಕೊಂಡು ಬರೋಕೆ ನಾನು ಹೋಗಲ್ಲ,” ಎಂದಿದ್ದ.

ತಾತ ಡ್ರೈವಿಂಗ್ ಲೈಸೆನ್ಸ್ ಕೊಡುವ ಕಚೇರಿಯಲ್ಲಿ ಪರೀಕ್ಷಕರಾಗಿದ್ದವರು. ಅಪ್ಪ ಹರೆಯದಲ್ಲಿ ಬಸ್ ಓಡಿಸುವ ಲೈಸೆನ್ಸಿಗೆ ಹೋದ ದಿನ ಉಳಿದ ಪರೀಕ್ಷಕರು ರಜೆಯಲ್ಲಿದ್ದರು. ಪಕ್ಕದಲ್ಲಿ ಬಂದು ಕೂತವರು ಇವರೇ. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸುವಾಗ ಬಸ್ಸು ಗೇಣುದ್ದ ಹಿಂದೆ ಸರಿಯಿತು. ಆ ಗೇಣಿಗೆ ಹೆತ್ತ ಮಗನನ್ನೇ ಫೇಲು ಮಾಡಿದರು. ಕೈಗೆ ಬಂದಿದ್ದ ಕೆಲಸ ತಪ್ಪಿತು. ಅಂದಿನಿಂದ ಇಬ್ಬರೂ ಮುಖ ಕೊಟ್ಟು ಮಾತಾಡಿಲ್ಲ. ಮೊಮ್ಮಗಳು ತಾತನನ್ನು ನೋಡಿದ್ದೆಲ್ಲ ಬೇರೆಯವರ ಮದುವೆಗಳಲ್ಲಿ, ದೂರದ ಸಾಲಿನ ಕುರ್ಚಿಗಳಲ್ಲಿ.

“ತಿರುಗೋಕೆ ಮುಂಚೆ ಇಂಡಿಕೇಟರ್ ಹಾಕಲಿಲ್ಲ,” ಎಂದರು ತಾತ.

“ಯಾರಿಗೆ ತೋರಿಸಲಿ ತಾತ? ರಸ್ತೇಲಿ ಒಂದು ನಾಯೀನೂ ಇಲ್ಲ.”

“ನಾಯಿ ಇದ್ದಿದ್ರೆ ಹಾಕ್ತಿದ್ದೆಯಾ?”

ಅವಳಿಗೆ ಕಾರು ನಿಲ್ಲಿಸಿ, ಇಳಿದು, ನಡೆದುಕೊಂಡೇ ಮನೆಗೆ ಹೋಗಿಬಿಡೋಣ ಅನ್ನಿಸಿತು. ಸೇತುವೆಯ ಏರಿನಲ್ಲಿ ಕಾರು ತಾನಾಗಿಯೇ ನಿಲ್ಲಬೇಕಾಗಿ ಬಂತು. ಮೇಲುಗಡೆ ಚರ್ಚ್ ಬಿಟ್ಟಿತ್ತು; ಹೊಸ ಬಟ್ಟೆ ತೊಟ್ಟ ಸಂಸಾರಗಳು ರಸ್ತೆ ದಾಟುತ್ತಿದ್ದವು. ದಾರಿ ತೆರವಾದಾಗ ಅವಳು ಕ್ಲಚ್ ಬಿಟ್ಟಳು. ಎಂಜಿನ್ ಒಂದು ಸಲ ಕೆಮ್ಮಿ ಬಂದ್ ಆಯಿತು. ಮತ್ತೆ ಚಾಲೂ ಮಾಡಿದಳು; ಈ ಸಲ ಕಾರು ಹಿಂದಕ್ಕೆ ಜಾರಿತು. ಹಿಂದಿನ ವ್ಯಾನು ಕಿವಿ ತೂತಾಗುವಂತೆ ಹಾರ್ನ್ ಹೊಡೆಯಿತು. ಬ್ರೇಕ್ ತುಳಿದು ಪಕ್ಕಕ್ಕೆ ನೋಡಿದಳು. ತಾತ ತುಟಿ ಹೊಲಿದುಕೊಂಡವರಂತೆ ಕೂತಿದ್ದರು.

ಅಮ್ಮ ಹೇಳಿದ್ದು ಅಲ್ಲಿಗೆ ಗಾಳಿಗೆ ಹೋಯಿತು. “ಇಷ್ಟು ಹೊತ್ತು ತಲೆ ತಿಂದ್ರಲ್ಲ, ಈಗ ಯಾಕೆ ಸುಮ್ಮನಾದ್ರಿ? ನಂದೂ ಫೇಲು ಅಂತ ಹೇಳಿಬಿಡಿ, ಮುಗಿದುಹೋಗಲಿ.”

ತಾತ ಅವಳ ಮುಖ ನೋಡಲಿಲ್ಲ; ಕ್ಲಚ್ಚಿನ ಮೇಲಿದ್ದ ಅವಳ ಕಾಲು ನೋಡಿದರು.

“ಹ್ಯಾಂಡ್ ಬ್ರೇಕ್ ಎಳಿ,” ಎಂದರು. “ಹಾರ್ನ್ ಹೊಡೆಯೋನಿಗೆ ಕೈ ನೋವಾದಾಗ ತಾನೇ ನಿಲ್ಲಿಸ್ತಾನೆ. ಈಗ ಸ್ವಲ್ಪ ಆಕ್ಸಿಲರೇಟರ್. ಕ್ಲಚ್ ನಿಧಾನಕ್ಕೆ ಮೇಲೆ ಬಿಡು. ನೋಡಬೇಡ, ಕೇಳು. ಎಂಜಿನ್ ದನಿ ತಗ್ಗುತ್ತೆ, ಕಾರಿನ ಮೂತಿ ಚೂರು ಎದ್ದ ಹಾಗಾಗುತ್ತೆ. ಆಗ ಅದು ಹಿಡ್ಕೊಂಡಿದೆ ಅಂತ ಅರ್ಥ. ಹಾಂ, ಈಗ ಬ್ರೇಕ್ ಬಿಡು.”

ಕಾರು ಎಳ್ಳಷ್ಟೂ ಹಿಂದೆ ಸರಿಯದೆ ಏರು ಹತ್ತಿತು. ಅವಳಿಗೇ ನಂಬಿಕೆ ಬರಲಿಲ್ಲ. ಸೇತುವೆ ಇಳಿಯುವಾಗ ಕೋಪ ಅರ್ಧ ಕರಗಿ, ಉಳಿದರ್ಧ ಪ್ರಶ್ನೆಯಾಗಿ ಹೊರಬಂತು.

“ಅಪ್ಪನಿಗೆ ಇದನ್ನ ಹೇಳಿಕೊಟ್ಟಿದ್ರಾ?”

“ಪರೀಕ್ಷೆ ಮಾಡೋನು ಪಾಠ ಹೇಳಬಾರದು.”

“ಮನೇಲೂನಾ?”

ಬಾಗಿಲು ಹಾಕಿದ ಅಂಗಡಿಗಳ ಗಾಜಿನೊಳಗೆ ಕಾಗದದ ನಕ್ಷತ್ರಗಳು ಹಿಂದೆ ಸರಿಯುತ್ತಿದ್ದವು.

“ಪರೀಕ್ಷೆ ಹಿಂದಿನ ದಿನ ಕೇಳಿದ್ದ,” ಎಂದರು ತಾತ. “ಏರು ಒಂದೇ ಬರ್ತಿಲ್ಲ, ಒಂದು ಸಲ ತೋರಿಸಿ ಅಂತ. ಉಳಿದವರೆಲ್ಲ ರಜೆ, ಮಾರನೇ ದಿನ ಪಕ್ಕದಲ್ಲಿ ಕೂರೋನು ನಾನೇ ಅಂತ ಗೊತ್ತಿತ್ತು. ಅಪ್ಪನೇ ಹೇಳಿಕೊಟ್ಟು ಅಪ್ಪನೇ ಪಾಸು ಮಾಡಿದ ಅಂತ ನಾಲ್ಕು ಜನ ಆಡಿಕೊಳ್ತಾರೆ, ಬೇಡ ಅಂದುಬಿಟ್ಟೆ.”

“ಆ ನಾಲ್ಕು ಜನ ಎಲ್ಲಿದ್ದಾರೆ ತಾತ ಈಗ?”

“ಇಬ್ಬರು ಸತ್ತರು. ಇನ್ನಿಬ್ಬರ ಹೆಸರು ಮರೆತುಹೋಗಿದೆ,” ಎಂದ ತಾತ ಅದೇ ಉಸಿರಿನಲ್ಲಿ, “ಗೇರ್ ಬದಲಾಯಿಸು, ಎಂಜಿನ್ ಅಳ್ತಿದೆ,” ಎಂದರು. ಅವಳಿಗೆ ನಗು ಬಂತು. ಗೇರ್ ಬದಲಾಯಿಸಿದಳು.

ಮನೆಯ ಗೇಟಿನಲ್ಲಿ ಅಪ್ಪ ನಿಂತಿದ್ದ. ಪಕ್ಕದ ಮನೆಯವರ ಕಾರಿಗೂ ಕಾಂಪೌಂಡಿಗೂ ನಡುವೆ ಇಕ್ಕಟ್ಟಾದ ಜಾಗ. ಕಾರನ್ನು ರಿವರ್ಸಿನಲ್ಲಿ ಒಳಗೆ ತರಬೇಕಿತ್ತು. ತಾತ ಕೂತ ಕಡೆ ಕಣ್ಣೆತ್ತಿಯೂ ನೋಡದೆ ಅಪ್ಪ ಕಾರಿನ ಹಿಂದೆ ಹೋಗಿ ಕೈಬೀಸತೊಡಗಿದ. “ಬಾ... ಬಾ... ಇನ್ನೂ ಬಾ.”

ತಾತ ತಮ್ಮ ಕಡೆಯ ಕನ್ನಡಿಯಲ್ಲಿ ಕಣ್ಣು ನೆಟ್ಟಿದ್ದರು. ಅವರ ಬಾಯಿ ತೆರೆದದ್ದನ್ನೂ ಮುಚ್ಚಿದ್ದನ್ನೂ ಅವಳು ನೋಡಿದಳು.

“ಜಾಗ ಇದೆಯಾ ತಾತ?” ಪಿಸುಗುಟ್ಟಿದಳು.

“ನಿಮ್ಮಪ್ಪ ಹೇಳ್ತಿದ್ದಾನಲ್ಲ. ಅವನು ಹೇಳಿದ ಹಾಗೆ ಮಾಡು.”

“ಬಾ... ಬಾ...” ಎನ್ನುತ್ತಿರುವಂತೆಯೇ ಹಿಂದೆ ಮಣ್ಣಿನ ಹೂಕುಂಡ ಒಡೆದ ಸದ್ದಾಯಿತು. ಅಪ್ಪನ ಕೈ ಮೇಲೆತ್ತಿದ್ದು ಮೇಲೆಯೇ ಉಳಿಯಿತು. ಅವಳು ಸ್ಟಿಯರಿಂಗ್ ಹಿಡಿದೇ ಕಣ್ಣು ಮುಚ್ಚಿಕೊಂಡಳು. ಮುಂದಿನ ಮಾತು ಏನಿರಬಹುದೆಂದು ಅವಳಿಗೂ ಗೊತ್ತಿತ್ತು, ಹಿಂದೆ ನಿಂತವನಿಗೂ ಗೊತ್ತಿತ್ತು.

ತಾತ ಬೆಲ್ಟ್ ಬಿಚ್ಚಿ ಇಳಿದರು. ಚೂರುಗಳನ್ನು ದಾಟಿ, ಮಗನ ಎದುರು ಹೋಗಿ ನಿಂತರು.

“ನೀನು ಸರಿಯಾಗೇ ತೋರಿಸ್ದೆ ಕಣೋ,” ಎಂದರು. “ಕುಂಡ ಅಲ್ಲಿ ಇರಬಾರದಿತ್ತು.”